ಕ್ಯಾಮರಾ ಕೇಳಿದ ಅಂಕಿ

ನಮ್ಮಣ್ಣನನ್ನು ಊರಲ್ಲಿ ಯಾರೂ ಹೆಸರು ಹಿಡಿದು ಕರೆದದ್ದನ್ನು ನಾನು ಕೇಳಿಲ್ಲ. ಎಲ್ಲರಿಗೂ ಅವನು ದುರ್ಬೀನು. ಸ್ಟುಡಿಯೋದ ಬೋರ್ಡಿನ ಮೇಲೆ ಅಪ್ಪ ಬರೆಸಿದ್ದ ದೊಡ್ಡ ಹೆಸರಿತ್ತು. ಆದರೂ ಆಟೋದವರು ‘ದುರ್ಬೀನಿನ ಅಂಗಡಿ ಹತ್ರ ಇಳೀತೀರಾ?’ ಎಂದೇ ಕೇಳುತ್ತಿದ್ದರು. ಅವನಿಗೆ ಅದರಿಂದ ಬೇಜಾರಿರಲಿಲ್ಲ. ನನಗಿತ್ತು. ನನ್ನನ್ನು ದುರ್ಬೀನಿನ ತಂಗಿ ಎನ್ನುತ್ತಿದ್ದರು. ತಲೆ ನರೆತ ಹೆಂಗಸಿಗೆ ಇದೂ ಒಂದು ಹೆಸರೇ?

ಮುಂದಿನ ಕೋಣೆಯಲ್ಲಿ ನೀಲಿ ಪರದೆ, ಒಂದು ಸ್ಟೂಲು, ಎರಡು ಬಿಳಿ ಕೊಡೆ. ಪಕ್ಕದಲ್ಲಿ ಝೆರಾಕ್ಸ್ ಯಂತ್ರ, ನನ್ನ ಕಂಪ್ಯೂಟರು. ಹಿಂದಿನ ಕೋಣೆ ಅಣ್ಣನದು. ಅಲ್ಲಿಂದ ಯಾವಾಗಲೂ ಸ್ಪಿರಿಟ್ಟು, ಗ್ರೀಸು ಬೆರೆತ ವಾಸನೆ ಬರುತ್ತಿತ್ತು. ಗುಜರಿಯವರು ತಂದುಕೊಟ್ಟ ನಲವತ್ತು ವರ್ಷ ಹಳೆಯ ಲೆನ್ಸುಗಳನ್ನು ಬಿಚ್ಚಿ, ಗಾಜಿಗೆ ಹಿಡಿದ ಬೂಷ್ಟು ಒರೆಸಿ, ಬಿಗಿಯಾದ ಉಂಗುರಕ್ಕೆ ಹೊಸ ಗ್ರೀಸು ಸವರಿ ಮತ್ತೆ ಜೋಡಿಸುತ್ತ ಕೂರುತ್ತಿದ್ದ. ಹೊಸ ಲೆನ್ಸು ಕೊಳ್ಳೋ ಎಂದರೆ, “ಹೊಸದಕ್ಕೆ ಬುದ್ಧಿ ಜಾಸ್ತಿ ಪುಟ್ಟಿ, ನನ್ನ ಮಾತು ಕೇಳಲ್ಲ” ಎನ್ನುತ್ತಿದ್ದ. ಮದುವೆಯೂ ಆಗಲಿಲ್ಲ. ಒಮ್ಮೆ ಹೆಣ್ಣು ನೋಡಲು ಹೋದವನು ಮನೆಗೆ ಬಂದು ಆ ಮನೆಯ ಕಿಟಕಿಯಿಂದ ಬೀಳುತ್ತಿದ್ದ ಬೆಳಕನ್ನು ಅರ್ಧ ಗಂಟೆ ಹೊಗಳಿದ. ಹೆಣ್ಣು ಹೇಗಿದ್ದಳು ಎಂದು ಅಮ್ಮ ಕೇಳಿದರೆ ತಲೆ ಕೆರೆದುಕೊಂಡ. ಅಮ್ಮ ಅಲ್ಲಿಗೆ ಆ ಆಸೆ ಬಿಟ್ಟಳು.

ಅವನ ಒಂದು ಹಟ ಮಾತ್ರ ನನಗೆ ತಲೆನೋವಾಗಿತ್ತು. ಫೋಟೋ ತಿದ್ದಬಾರದು. ಮೊಡವೆ ತೆಗಿ, ಬಣ್ಣ ಬಿಳಿ ಮಾಡು ಎಂದು ಯಾರಾದರೂ ಕೇಳಿದರೆ, “ನಿಮ್ಮ ಮುಖದ ಮೇಲೆ ನಿಮಗೇ ನಂಬಿಕೆ ಇಲ್ಲದಿದ್ದರೆ ಬೇರೆ ಯಾರದ್ದಾದರೂ ಮುಖ ತಂದು ಕೂರಿಸಿ” ಎಂದು ಬೈದು ಕಳಿಸುತ್ತಿದ್ದ. ಅವರು ಹೊರಗೆ ನಿಂತು ನನಗೆ ಸನ್ನೆ ಮಾಡುತ್ತಿದ್ದರು. ಊರಿನ ಅರ್ಧ ಮದುಮಕ್ಕಳ ಮೊಡವೆ ಒರೆಸಿದ ಪಾಪ ನನ್ನದು. ಅವನಿಗೆ ಗೊತ್ತಿರಲಿಲ್ಲ ಎಂದೇನೂ ಅಲ್ಲ, ಗೊತ್ತಿಲ್ಲದವನ ಹಾಗೆ ಇರುತ್ತಿದ್ದ.

ಅವನ ಕ್ಯಾಮರಾ ಡಿಜಿಟಲ್ಲೇ, ಆದರೆ ಅದೂ ಮುದಿಯಾದದ್ದು. ಯಾರೋ ಫೋನು ಬಂದಮೇಲೆ ಬೇಡವೆಂದು ಬಿಟ್ಟುಹೋದದ್ದು. ಅದಕ್ಕೆ ಹಳೆಯ ಇನ್ನೂರು ಮಿಲಿಮೀಟರ್ ಲೆನ್ಸು ಹಾಕಿ, ನಡುವೆ ಕನ್ವರ್ಟರ್ ಎಂಬ ಗಾಜಿನ ಬಳೆಯೊಂದನ್ನು ಸಿಕ್ಕಿಸುತ್ತಿದ್ದ. ಅದು ಇನ್ನೂರನ್ನು ನಾನೂರು ಮಾಡುತ್ತದೆ. ದೂರದ್ದು ಎರಡರಷ್ಟು ದೊಡ್ಡದಾಗಿ ಕಾಣುತ್ತದೆ. ಬದಲಿಗೆ ಮುಕ್ಕಾಲು ಪಾಲು ಬೆಳಕನ್ನು ನುಂಗುತ್ತದೆ. ಕಿಂಡಿಯಲ್ಲಿ ಕಣ್ಣಿಟ್ಟರೆ ಮೋಡ ಕವಿದ ಹಾಗೆ. ಫೋಕಸ್ಸು ಕೈಯಲ್ಲೇ ತಿರುಗಿಸಬೇಕು, ಬೆಳಕು ಅಂದಾಜಿನಲ್ಲೇ ಇಡಬೇಕು. ಮೂರು ಸಲ ಕೆಡಿಸಿ ನಾಲ್ಕನೆಯದನ್ನು ಒಪ್ಪುವುದು ಅವನ ಪದ್ಧತಿ.

ಆ ಕ್ಯಾಮರಾಕ್ಕೆ ಇನ್ನೊಂದು ಚಾಳಿಯಿತ್ತು. ಹಳೆಯ ಲೆನ್ಸಿಗೆ ತನ್ನ ಅಳತೆ ಹೇಳಿಕೊಳ್ಳುವ ಬಾಯಿಲ್ಲವಲ್ಲ, ಹಾಗಾಗಿ ಪ್ರತಿ ಸಲ ಆನ್ ಮಾಡಿದಾಗಲೂ ‘ಲೆನ್ಸು ಎಷ್ಟು ಮಿಲಿಮೀಟರು?’ ಎಂದು ಪರದೆಯ ಮೇಲೆ ಕೇಳುತ್ತಿತ್ತು. ಕೈ ನಡುಗಿದರೆ ಸರಿಪಡಿಸಲು ಅದಕ್ಕೆ ಆ ಅಂಕಿ ಬೇಕು. ಅಣ್ಣ ಕ್ಯಾಮರಾವನ್ನು ಮೂರುಕಾಲಿನ ಸ್ಟ್ಯಾಂಡಿನ ಮೇಲೆ ಕೂರಿಸುವವನು, ನಡುಕದ ಮಾತೇ ಇಲ್ಲ. ಮೊದಲ ದಿನ ಯಾವುದೋ ಚಿಕ್ಕ ಲೆನ್ಸಿಗೆ ಐವತ್ತು ಎಂದು ಒತ್ತಿದ್ದ. ಆಮೇಲೆ ಅದು ಕೇಳಿದಾಗೆಲ್ಲ ಓದದೆ ಓಕೆ ಒತ್ತುತ್ತಿದ್ದ, ಬಾಗಿಲಲ್ಲಿ ನಿಂತವರಿಗೆ ‘ಹೂಂ ಹೂಂ’ ಎನ್ನುವ ಹಾಗೆ.

ಊರಾಚೆ ಕಲ್ಲಿನ ಕ್ವಾರಿ. ಅಲ್ಲಿ ಬಾವುಟ ತೋರಿಸುವವನು ಅಣ್ಣನ ಜೊತೆ ಒಂದೇ ಬೆಂಚಿನಲ್ಲಿ ಓದಿದವನು. ಮದ್ದಿಟ್ಟು ಬಂಡೆ ಸಿಡಿಸುವ ಮುಂಚೆ ಮೇಲಿನ ಜಗಲಿಯಂಥ ಕಲ್ಲಿನ ಮೇಲೆ ನಿಂತು ಸುತ್ತ ನೋಡಿ, ಮೂರು ಸಲ ಸೀಟಿ ಊದಿ, ಯಾರೂ ಇಲ್ಲವೆಂದು ಕಂಡಮೇಲೆ ಹಸಿರು ಬಾವುಟ ಎತ್ತುವುದು ಅವನ ಕೆಲಸ. ಹಸಿರು ಎದ್ದರೆ ಎರಡು ನಿಮಿಷ ಬಿಟ್ಟು ಸಿಡಿಸುವವನು ಗುಂಡಿ ಒತ್ತುತ್ತಾನೆ. ನಡುವೆ ಒಂದು ತಗ್ಗು ಇದ್ದದ್ದರಿಂದ ಅಲ್ಲಿ ನೋಡಿಕೊಳ್ಳಲು ಇನ್ನೊಬ್ಬ ಇರಬೇಕಿತ್ತು, ಮೊದಲು ಇದ್ದ. ಆಮೇಲೆ ಅವನನ್ನು ಲಾರಿಗಳ ಹತ್ತಿರಕ್ಕೆ ಹಾಕಿದರು. ಬಾವುಟದವನು ಅದನ್ನು ನಮ್ಮ ಅಂಗಡಿಯಲ್ಲಿ ಚಹಾ ಕುಡಿಯುತ್ತ ಹೇಳಿ ನಗುತ್ತಿದ್ದ: “ಎರಡು ಕಣ್ಣಿನ ಕೆಲಸ ಒಂದು ಕಣ್ಣಲ್ಲಿ ಮಾಡ್ತಿದೀನಿ ತಂಗಿ.” ಕ್ವಾರಿಯ ಎದುರು ಬಂಡೆಯಲ್ಲಿ ಗಿಡುಗದ ಜಾತಿಯ ಡೇಗೆ ಹಕ್ಕಿ ಗೂಡು ಕಟ್ಟಿದೆ ಎಂದು ಅಣ್ಣನಿಗೆ ಹೇಳಿದವನೂ ಅವನೇ. ಕಲ್ಲುಪುಡಿಯ ಗುಡ್ಡೆಯ ಮೇಲೆ ಸ್ಟ್ಯಾಂಡು ಹೂಡಿ ಅಣ್ಣ ವಾರಕ್ಕೆ ಎರಡು ಸಲ ಅಲ್ಲಿ ಕೂರತೊಡಗಿದ.

ಅಂಥದೊಂದು ದಿನ ಮಧ್ಯಾಹ್ನಕ್ಕೆ ಮುಂಚೆ ಸಿಡಿಸಿದಾಗ ಡ್ರಿಲ್ ಹೊಡೆಯುವವನೊಬ್ಬ ತಗ್ಗಿನಲ್ಲಿ ಉಳಿದುಬಿಟ್ಟಿದ್ದ. ಮರೆತುಬಂದ ಸಲಾಕೆ ತರಲು ಹೋಗಿದ್ದನಂತೆ. ಹುಡುಕಿ ತೆಗೆಯಲು ಸಂಜೆಯಾಯಿತು. ಬೇಸಗೆಯಲ್ಲಿ ಅವನು ತನ್ನ ಮಗಳನ್ನು ಶಾಲೆಗೆ ಸೇರಿಸಲು ನಮ್ಮಲ್ಲೇ ಫೋಟೋ ತೆಗೆಸಿದ್ದ. ಆ ಫೈಲು ಇನ್ನೂ ನನ್ನ ಕಂಪ್ಯೂಟರಿನಲ್ಲಿದೆ, ಅಳಿಸಲು ಕೈ ಬಂದಿಲ್ಲ.

ಕ್ವಾರಿಯ ಮ್ಯಾನೇಜರು ಮೊದಲ ದಿನವೇ ಹೇಳಿಬಿಟ್ಟ: ಬಾವುಟದವನು ತನ್ನ ಜಾಗದಲ್ಲೇ ಇರಲಿಲ್ಲ, ಚಹಾಕ್ಕೆ ಹೋಗಿದ್ದ, ಹಸಿರನ್ನು ಯಾರೋ ಎತ್ತಿದರು. ಬಾವುಟದವನು ತಾನು ಎಲ್ಲೂ ಹೋಗಿರಲಿಲ್ಲವೆಂದು ಅಳುತ್ತಿದ್ದ. ಆಗ ಅಣ್ಣನಿಗೆ ನೆನಪಾದದ್ದು ತನ್ನ ಫೋಟೋ. ಹಕ್ಕಿಗೆಂದು ಕಾಯುತ್ತ ಫೋಕಸ್ಸು ನೋಡಲು ಒಂದೆರಡು ತೆಗೆದಿದ್ದ. ಒಂದರಲ್ಲಿ ಬಾವುಟದವನು ತನ್ನ ಜಾಗದಲ್ಲೇ ನೆಟ್ಟಗೆ ನಿಂತು ಹಸಿರು ಎತ್ತಿದ್ದಾನೆ. ಮುಂದೆ, ಕೆಳಗೆ, ಡ್ರಿಲ್ಲಿನವನೂ ಇದ್ದಾನೆ, ಒಂದು ಕೈ ತಲೆಯ ಮೇಲೆ, ಟವೆಲಿನ ತುದಿ ಹಲ್ಲಲ್ಲಿ.

“ಇದಕ್ಕಿಂತ ಪುರಾವೆ ಬೇಕಾ?” ಎಂದು ಅಣ್ಣ ಕುಣಿದಾಡುವುದೊಂದು ಬಾಕಿ. “ಪ್ರಿಂಟ್ ಕೊಡಲ್ಲ ಪುಟ್ಟಿ, ತಿದ್ದಿದೀರಿ ಅಂತಾರೆ. ಕಾರ್ಡೇ ಕೊಡ್ತೀನಿ.” ಮಾರನೆಯ ದಿನ ತನಿಖಾಧಿಕಾರಿಯ ಕಚೇರಿಗೆ ನಾನೂ ಹೋದೆ. ಅಧಿಕಾರಿ ಒಳ್ಳೆಯವರೇ, ಕುರ್ಚಿ ಕೊಟ್ಟರು. ಎಲ್ಲ ನೋಡಿ ಕೊನೆಗೆ ಕೇಳಿದರು:

“ಈ ಫೈಲಲ್ಲಿರೋ ವಿವರ ಎಲ್ಲ ಕ್ಯಾಮರಾನೇ ಬರೆದದ್ದಾ? ನೀವೇನಾದ್ರೂ ತಿದ್ದಿದೀರಾ?”

ತಿದ್ದುವುದು ಎಂಬ ಮಾತು ಕಿವಿಗೆ ಬಿದ್ದದ್ದೇ ತಡ, ಅಣ್ಣನ ಮೂಗಿನ ತುದಿ ಕೆಂಪಾಯಿತು. “ಎಲ್ಲಾ ಕ್ಯಾಮರಾನೇ ಬರೆದದ್ದು ಸಾರ್. ಮೂವತ್ತೈದು ವರ್ಷ ಆಯ್ತು ಈ ಕೆಲಸಕ್ಕೆ, ಒಂದು ಚುಕ್ಕೆ ಮುಟ್ಟಿದವನಲ್ಲ ನಾನು.” ಹಾಗೆಂದು ಬರೆದ ಕಾಗದಕ್ಕೆ ದಪ್ಪಗೆ ಸಹಿಯನ್ನೂ ಹಾಕಿದ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು.

ಒಂದೂವರೆ ತಿಂಗಳ ಮೇಲೆ ಬಾವುಟದವನ ಹೆಂಡತಿ ವರದಿಯ ಪ್ರತಿ ಹಿಡಿದು ಅಂಗಡಿಗೆ ಬಂದಳು. ವಕೀಲರಿಗೆ ಕೊಡಲು ಝೆರಾಕ್ಸ್ ಬೇಕಿತ್ತು. “ಏನು ಬರೆದಿದಾರೆ ಅಂತ ಓದಿ ಹೇಳ್ತೀರಾ ಅಕ್ಕಾ? ಅವರು ಹೇಳ್ತಾನೇ ಇಲ್ಲ” ಎಂದಳು. ನಾನು ನಿಂತಲ್ಲೇ ಓದತೊಡಗಿದೆ. ಬಾವುಟದವನು ತನ್ನ ಜಾಗದಲ್ಲಿ ಇದ್ದನೆಂಬುದು ಫೋಟೋದಿಂದ ಸಾಬೀತಾಗಿದೆ ಎಂಬಲ್ಲಿ ಅವಳ ಮುಖ ಅರಳಿತು. ನಾನೂ ಒಂದು ಉಸಿರು ಬಿಟ್ಟು ಮುಂದೆ ಓದಿದೆ: ಫೈಲಿನಲ್ಲಿ ದಾಖಲಾದ ಐವತ್ತು ಮಿಲಿಮೀಟರ್ ಲೆನ್ಸಿನ ಪ್ರಕಾರ ಲೆಕ್ಕ ಹಾಕಿದರೆ ಮೃತನಿಗೂ ಬಾವುಟದವನಿಗೂ ನಡುವೆ ಇದ್ದ ಅಂತರ ಹತ್ತು ಮೀಟರ್. ಹತ್ತು ಮೀಟರ್ ಎದುರಿಗೆ ಮನುಷ್ಯ ನಿಂತಿರುವುದು ಕಾಣುತ್ತಿದ್ದರೂ ಹಸಿರು ತೋರಿಸಿದ್ದಾನೆ.

“ಇನ್ನೊಂದು ಸಲ ಓದು,” ಹಿಂದಿನ ಕೋಣೆಯಿಂದ ಅಣ್ಣನ ದನಿ ಬಂತು.

ಓದಿದೆ. ಅವನು ಕೈಯಲ್ಲಿ ಸ್ಕ್ರೂಡ್ರೈವರು ಹಿಡಿದುಕೊಂಡೇ ಬಾಗಿಲಿಗೆ ಬಂದ. “ಐವತ್ತಲ್ಲ. ಅದು ಐವತ್ತಲ್ಲ,” ಎಂದ. ಆ ಹೆಣ್ಣುಮಗಳು ಅವನ ಮುಖವನ್ನೂ ನನ್ನ ಮುಖವನ್ನೂ ನೋಡುತ್ತ ನಿಂತಳು. ಅವಳಿಗೆ ಇದೆಲ್ಲ ಹೇಗೆ ತಿಳಿಯಬೇಕು?

ಲೆಕ್ಕ ಸುಲಭ, ಅದೇ ಅದರ ಕ್ರೂರತನ. ಐವತ್ತರ ಲೆನ್ಸಿನಲ್ಲಿ ಅಷ್ಟು ಎತ್ತರ ಕಾಣುವ ಮನುಷ್ಯ ನಲವತ್ತು ಮೀಟರ್ ದೂರದಲ್ಲಿರುತ್ತಾನೆ. ನಾನೂರರಲ್ಲಿ ಅಷ್ಟೇ ಎತ್ತರ ಕಂಡರೆ ಅವನಿರುವುದು ಮುನ್ನೂರಿಪ್ಪತ್ತು ಮೀಟರ್ ದೂರದಲ್ಲಿ. ಎಲ್ಲವೂ ಎಂಟರಷ್ಟು. ಇಬ್ಬರ ನಡುವಿನ ಹತ್ತು ಮೀಟರ್ ನಿಜವಾಗಿ ಎಂಬತ್ತು, ಜೊತೆಗೆ ನಡುವೆ ತಗ್ಗು. ದೂರದ ಲೆನ್ಸು ಹಿಂದಿನದನ್ನೂ ಮುಂದಿನದನ್ನೂ ಒತ್ತಿ ಒಂದರ ಬೆನ್ನಿಗೆ ಒಂದು ಅಂಟಿಸಿದಂತೆ ತೋರಿಸುತ್ತದೆ. ಕ್ವಾರಿಯಲ್ಲಿ ಹೋಗಿ ಅಳೆಯೋಣವೆಂದರೆ ಕೆಲಸ ನಿಂತಿರಲಿಲ್ಲ. ಜಗಲಿಯೂ ಇಲ್ಲ, ತಗ್ಗೂ ಇಲ್ಲ, ಅಣ್ಣ ನಿಂತಿದ್ದ ಗುಡ್ಡೆ ಲಾರಿ ಹತ್ತಿ ಯಾವುದೋ ರಸ್ತೆಯಾಗಿತ್ತು. ಉಳಿದದ್ದು ಅಣ್ಣ ಕೊಟ್ಟ ಫೋಟೋ, ಅಣ್ಣ ಒತ್ತಿದ ಅಂಕಿ, ಅಣ್ಣ ಹಾಕಿದ ಸಹಿ. ಗೆಳೆಯನನ್ನು ಉಳಿಸಲು ಹೋಗಿ ಅವನ ತಲೆಯ ಮೇಲೆ ಚಪ್ಪಡಿ ಎಳೆದಿದ್ದ. ನನಗೆ ಬಂದ ಸಿಟ್ಟಿಗೆ ಆ ಕ್ಯಾಮರಾವನ್ನು ಬಾವಿಗೆ ಎಸೆಯಬೇಕೆನಿಸಿತು, ಜೊತೆಗೆ ಅವನನ್ನೂ.

ಅಂದೇ ಕಚೇರಿಗೆ ಓಡಿದೆವು. ಅಣ್ಣ ತಾನು ಮೊದಲು ತೆಗೆದಿದ್ದ ಚಂದ್ರನ ಫೋಟೋವನ್ನೂ ಒಯ್ದಿದ್ದ. “ಇದರಲ್ಲೂ ಐವತ್ತು ಅಂತಲೇ ಇದೆ ನೋಡಿ ಸಾರ್. ಐವತ್ತರಲ್ಲಿ ತೆಗೆದರೆ ಚಂದ್ರ ಸಾಸಿವೆ ಕಾಳಷ್ಟು ಬರಬೇಕು. ಇಲ್ಲಿ ಬಟ್ಟಲಷ್ಟಿದೆ. ಆ ಅಂಕಿ ಕ್ಯಾಮರಾದ್ದಲ್ಲ, ಅದು ಕೇಳುತ್ತೆ, ನಾವು ಹೇಳಬೇಕು. ನಾನು ಹೇಳಲಿಲ್ಲ.”

“ಕ್ಯಾಮರಾನೇ ಬರೆದದ್ದು ಅಂತ ನೀವೇ ಅಲ್ವಾ ಸಹಿ ಮಾಡಿದ್ದು?”

“ಬರೆದದ್ದು ಅದೇ. ಹೇಳಿಕೊಟ್ಟದ್ದು ನಾನು.”

“ನಲವತ್ತು ಮೀಟರಲ್ಲಿ ನಿಂತಿದ್ದಿದ್ರೆ ಕಲ್ಲು ಅಣ್ಣನ ತಲೆ ಮೇಲೆ ಬೀಳ್ತಿರಲಿಲ್ವಾ ಸಾರ್?” ಎಂದು ನಾನು ಬಾಯಿ ಹಾಕಿದೆ.

“ಫೋಟೋ ಆಗಿ ಎರಡು ನಿಮಿಷಕ್ಕೆ ಸಿಡಿಸಿದ್ದು. ಅಷ್ಟರಲ್ಲಿ ಇವರು ಹಿಂದೆ ಸರಿದಿರಬಹುದು ಅಂತ ವರದಿಯಲ್ಲಿ ಬರೆದಿದಾರಮ್ಮ.” ಅಧಿಕಾರಿ ಕಡತ ಮುಚ್ಚಿದರು. ಆಮೇಲೆ ಮೆಲ್ಲಗೆ ಹೇಳಿದರು: “ನೀವು ಹೇಳೋದು ನಿಜಾನೇ ಇರಬಹುದು. ಆದರೆ ನಿಮ್ಮ ಗೆಳೆಯರು ತಪ್ಪೊಪ್ಪಿಗೆ ಬರೆದುಕೊಟ್ಟಿದಾರೆ. ನಾವು ಅವರಿಗೆ ಫೋಟೋ ತೋರಿಸಿದ ದಿನವೇ. ಒತ್ತಾಯ ಯಾರೂ ಮಾಡಿಲ್ಲ. ಅದನ್ನ ಅವರು ವಾಪಸ್ ತಗೊಂಡರೆ ನಿಮ್ಮ ಫೋಟೋನ ಮತ್ತೆ ಪರೀಕ್ಷೆಗೆ ಕಳಿಸ್ತೀನಿ. ಇಲ್ಲದಿದ್ದರೆ ನನ್ನ ಕೈಯಲ್ಲಿ ಏನೂ ಇಲ್ಲ.”

ತಪ್ಪೊಪ್ಪಿಗೆಯ ವಿಷಯ ಬಾವುಟದವನ ಹೆಂಡತಿಗೂ ಗೊತ್ತಿರಲಿಲ್ಲ. ಜಾಮೀನಿನ ಮೇಲೆ ಮನೆಗೆ ಬಂದಿದ್ದವನು ಗೋಡೆ ನೋಡುತ್ತ ಕೂತಿರುತ್ತಿದ್ದ. ಅಣ್ಣ ಹೋಗಿ ಐವತ್ತು, ನಾನೂರು ಎಂದು ವಿವರಿಸಿದರೆ ತಲೆಯಾಡಿಸಿದ, ಅಷ್ಟೆ. “ಹೇಳಿದರೆ ತಿಳಿಯಲ್ಲ, ತೋರಿಸ್ತೀನಿ,” ಎಂದ ಅಣ್ಣ.

ಊರಾಚೆಯ ಕಾಲುವೆಯ ದಂಡೆಯ ಮೇಲೆ ಅರ್ಧ ಮೈಲಿ ನೇರ ದಾರಿಯಿದೆ. ಮುಂದಿನ ಭಾನುವಾರ ಬೆಳಗ್ಗೆ ನಾವು ನಾಲ್ವರೂ ಅಲ್ಲಿಗೆ ಹೋದೆವು. ಅಣ್ಣ ಹಗ್ಗ ಹಿಡಿದು ಅಳೆದು ಮುನ್ನೂರಿಪ್ಪತ್ತು ಮೀಟರಿಗೆ ನನ್ನನ್ನು ನಿಲ್ಲಿಸಿದ. ನನ್ನಿಂದ ಇನ್ನೂ ಎಂಬತ್ತು ಮೀಟರ್ ಹಿಂದೆ ಬಾವುಟದವನ ಹೆಂಡತಿ, ಅವಳ ಕೈಯಲ್ಲೊಂದು ಹಸಿರು ಬಟ್ಟೆ. ಗೆಳೆಯನನ್ನು ತನ್ನ ಪಕ್ಕದಲ್ಲಿ ಕ್ಯಾಮರಾದ ಹತ್ತಿರ ನಿಲ್ಲಿಸಿಕೊಂಡ. ನಾನು ಒಂದು ಸಲ ಹಿಂತಿರುಗಿ ಅವಳನ್ನು ನೋಡಿದೆ. ಮುಖ ಅಂಗಿಯ ಗುಂಡಿಯಷ್ಟಿತ್ತು, ಅವಳೇನೋ ಕೂಗಿದರೂ ಮಾತು ತಿಳಿಯಲಿಲ್ಲ. ಇಷ್ಟು ದೂರದಲ್ಲಿ, ತಗ್ಗಿನಲ್ಲಿ ನಿಂತವನನ್ನು ಯಾವ ಮನುಷ್ಯ ಕಾಣಬಲ್ಲ?

ಅಣ್ಣ ಕೈ ಬೀಸಿ ಕರೆದಮೇಲೆ ನಡೆದು ಬಂದೆ. ಕ್ಯಾಮರಾದ ಪುಟ್ಟ ಪರದೆಯಲ್ಲಿ ನಾನಿದ್ದೆ, ನನ್ನ ಹೆಗಲ ಹಿಂದೆಯೇ ಅವಳು, ಕೈಚಾಚಿದರೆ ನನ್ನ ಜಡೆ ಎಳೆಯುವಷ್ಟು ಹತ್ತಿರ. ನನಗೇ ಒಂದು ಕ್ಷಣ ಅವಳು ಅಷ್ಟು ಹತ್ತಿರ ಬಂದು ನಿಂತಿದ್ದಳೇ ಎನಿಸಿತು. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂದು ಹಿರಿಯರು ಸುಮ್ಮನೆ ಹೇಳಿಲ್ಲ.

“ನೋಡಿದೆಯಲ್ಲ?” ಅಣ್ಣನ ದನಿಯಲ್ಲಿ ಬಹಳ ದಿನದ ಮೇಲೆ ಜೀವ ಬಂದಿತ್ತು. “ನೀನು ಅವನನ್ನ ನೋಡಿರಲಿಲ್ಲ. ನೋಡೋಕೆ ಸಾಧ್ಯಾನೇ ಇರಲಿಲ್ಲ. ನಾಳೆ ಬಂದು ವಾಪಸ್ ತಗೋತೀನಿ ಅಂತ ಬರೆದುಕೊಡು.”

ಬಾವುಟದವನು ಪರದೆ ನೋಡಿದ, ದಾರಿಯ ಕಡೆ ನೋಡಿದ. ಅವನ ಹೆಂಡತಿ ಹಸಿರು ಬಟ್ಟೆ ಮಡಿಸುತ್ತ ಇನ್ನೂ ನಡೆದು ಬರುತ್ತಿದ್ದಳು.

“ನೀನು ಹೇಳೋದು ಸರಿ ಇದೆ,” ಎಂದ. “ಆದರೆ ನಾನು ನೋಡಿದೀನಿ.”

“ಏನು ನೋಡಿದೀಯ?”

“ಅವನನ್ನ. ಮೊದಲು ನೆನಪೇ ಇರಲಿಲ್ಲ. ಫೋಟೋ ನೋಡಿದ ಮೇಲೆ ಎಲ್ಲಾ ನೆನಪಾಯ್ತು. ತಲೆ ಮೇಲೆ ಕೈ ಇಟ್ಕೊಂಡಿದ್ದ. ಟವೆಲ್ ತುದೀನ ಹಲ್ಲಲ್ಲಿ ಕಚ್ಕೊಂಡಿದ್ದ. ಕಣ್ಣು ಮುಚ್ಚಿದರೆ ಅದೇ ಕಾಣುತ್ತೆ. ನೋಡಿಯೂ ಹಸಿರು ಎತ್ತಿದೆ ನಾನು. ಯಾಕೆ ಎತ್ತಿದೆ ಅಂತ ಮಾತ್ರ ಗೊತ್ತಾಗ್ತಿಲ್ಲ.”

ಅಣ್ಣ ಅವನ ಎರಡೂ ಭುಜ ಹಿಡಿದ. “ಅವನು ನಿನ್ನ ಕಡೆ ಬೆನ್ನು ಹಾಕಿದ್ದ ಕಣೋ. ಮುಖ ನನ್ನ ಕಡೆ ಇತ್ತು. ಹಿಂದಿನಿಂದ ನಿನಗೆ ಟವೆಲ್ ತುದಿ ಹೆಂಗೆ ಕಾಣುತ್ತೆ? ಹಲ್ಲು ಹೆಂಗೆ ಕಾಣುತ್ತೆ?”

ಬಾವುಟದವನು ಯೋಚಿಸಿದ. ನಿಜಕ್ಕೂ ಯೋಚಿಸಿದ, ಹಣೆ ಸುಕ್ಕುಗಟ್ಟಿತು. ಎಲ್ಲಿಯೋ ಒಂದು ಬಾಗಿಲು ತೆರೆಯಿತು ಎಂದುಕೊಂಡೆ. ಆಮೇಲೆ ಅವನು ಇಲ್ಲವೆಂಬಂತೆ ಅಡ್ಡಡ್ಡ ತಲೆಯಾಡಿಸಿದ.

“ಕಂಡಿದೆ,” ಎಂದ. “ನೀನು ನನ್ನ ಸಮಾಧಾನಕ್ಕೆ ಹೇಳ್ತಿದೀಯ. ಬೇಡ ಬಿಡು. ಅವನ ಮಗಳಿಗೆ ನಾನು ಏನಂತ ಹೇಳಲಿ, ಲೆನ್ಸು ಬೇರೆ ಇತ್ತು ಅಂತಲಾ?”

ಹೆಂಡತಿ ಬಂದು ಕಾಲು ಹಿಡಿದುಕೊಂಡಳು, ಬೈದಳು, ಅತ್ತಳು. ಅವನು ಅವಳ ಕೈಯಿಂದ ಆ ಹಸಿರು ಬಟ್ಟೆ ತೆಗೆದುಕೊಂಡು ಅವಳ ಕಣ್ಣೊರೆಸಿದ, ಸಹಿ ಮಾತ್ರ ಹಾಕುವುದಿಲ್ಲ ಎಂದ.

ಹಿಂತಿರುಗುವಾಗ ಸ್ಟ್ಯಾಂಡನ್ನು ನಾನೇ ಹೊತ್ತುಕೊಂಡಿದ್ದೆ. ಅಣ್ಣ ಹಿಂದೆ ಬೀಳುತ್ತಿದ್ದ. ಸೇತುವೆಯ ಹತ್ತಿರ ನಿಂತೇಬಿಟ್ಟ.

“ಪುಟ್ಟಿ, ಆ ಟವೆಲ್ ಕಂಡದ್ದು ನನಗೆ,” ಎಂದ.

ಅರ್ಥವಾಗಲಿಲ್ಲ.

“ಕಿಂಡಿಯಲ್ಲಿ ಕತ್ತಲೆ ಇತ್ತು. ಆದರೂ ಕಂಡಿತು. ಸೀಟಿ ಊದಿ ಆಗಿತ್ತು. ಸೀಟಿ ಊದಿದರೆ ಡೇಗೆ ಹಾರುತ್ತೆ, ಅದಕ್ಕೇ ನಾನು ಕಾಯ್ತಿದ್ದದ್ದು. ಇವನ್ಯಾಕೆ ಇನ್ನೂ ಇಲ್ಲಿದಾನೆ ಅನ್ನಿಸ್ತು. ಓಡಿ ಹೋಗ್ತಾನೆ ಬಿಡು ಅಂದ್ಕೊಂಡೆ. ಅವನ ಮೇಲೆ ಫೋಕಸ್ ಮಾಡಿ ಒಂದು ತೆಗೆದೆ. ಆಮೇಲೆ ಲೆನ್ಸನ್ನ ಹಕ್ಕಿ ಕಡೆ ತಿರುಗಿಸಿದೆ.” ಸೇತುವೆಯ ಕಟ್ಟೆಗೆ ಒರಗಿ ಹೇಳಿದ: “ಸೀಟಿ ಆದಮೇಲೆ ಅವನನ್ನ ಕಂಡವನು ನಾನೊಬ್ಬನೇ. ಎದ್ದು ಅಂಗಿ ಬಿಚ್ಚಿ ಬೀಸಿದ್ದಿದ್ರೆ ಬಾವುಟದವನಿಗೆ ಕಾಣ್ತಿತ್ತು.”

“ಇಷ್ಟು ದಿನ ಯಾಕೋ ಹೇಳಲಿಲ್ಲ?” ನಾನು ಬೀದಿ ಎನ್ನುವುದನ್ನೂ ಮರೆತು ಕಿರುಚಿದೆ.

“ಕ್ಯಾಮರಾನೇ ಬರೆದದ್ದಾ ಅಂತ ಕೇಳಿದರು. ತಿದ್ದಿದೀರಾ ಅಂತ ಕೇಳಿದರು. ನೋಡಿದಿರಾ ಅಂತ ಯಾರೂ ಕೇಳಲಿಲ್ಲ.”

ಮರುದಿನ ಹೋಗಿ ಅದನ್ನೂ ಬರೆದುಕೊಟ್ಟ. ಅಧಿಕಾರಿ ಓದಿ, ನೋಡುವುದು ಅಪರಾಧವಲ್ಲ, ನೀವು ಕ್ವಾರಿಯ ನೌಕರರೂ ಅಲ್ಲ ಎಂದು ಕಾಗದವನ್ನು ಕಡತದ ಕೊನೆಗೆ ಸೇರಿಸಿದರು. ಬಾವುಟದವನಿಗೆ ಎರಡು ವರ್ಷ ಶಿಕ್ಷೆಯಾಯಿತು. ತಗ್ಗು ನೋಡಿಕೊಳ್ಳುತ್ತಿದ್ದ ಇನ್ನೊಬ್ಬನನ್ನು ಯಾಕೆ ತೆಗೆದಿರಿ ಎಂದು ಮ್ಯಾನೇಜರನ್ನು ಯಾರೂ ಕೇಳಿದಂತಿಲ್ಲ. ಅಣ್ಣ ಹಕ್ಕಿ ನೋಡಲು ಹೋಗುವುದನ್ನು ಬಿಟ್ಟ. ಈಗಲೂ ಹಿಂದಿನ ಕೋಣೆಯಲ್ಲಿ ಕೂತು ಲೆನ್ಸು ಬಿಚ್ಚುತ್ತಾನೆ, ಜೋಡಿಸುತ್ತಾನೆ, ಯಾವುದನ್ನೂ ಕ್ಯಾಮರಾಕ್ಕೆ ಹಾಕಿ ನೋಡುವುದಿಲ್ಲ.

ಹೋದ ತಿಂಗಳು ಬಾವುಟದವನ ಹೆಂಡತಿ ಜೈಲಿಗೆ ಹೋಗಿ ಗಂಡನನ್ನು ನೋಡಿಕೊಂಡು ಬಂದಳು. ದಾರಿಯಲ್ಲಿ ಅಂಗಡಿಗೆ ಬಂದು ಒಂದು ಲೋಟ ನೀರು ಕುಡಿದಳು. ಅಣ್ಣ ಒಳಗಿದ್ದ. ಅವಳು ದನಿ ತಗ್ಗಿಸಿ, “ಅಣ್ಣನಿಗೆ ಒಂದು ಮಾತು ಹೇಳಬೇಕಂತೆ ಅಕ್ಕಾ,” ಎಂದಳು. “ದುರ್ಬೀನು ಮನಸ್ಸಿಗೆ ಹಚ್ಕೊಂಡಿರ್ತಾನೆ, ಬೇಜಾರು ಮಾಡ್ಕೋಬೇಡ ಅನ್ನು. ಅವನ ತಪ್ಪೇನಿಲ್ಲ, ಅವನು ಇದ್ದದ್ದನ್ನ ಇದ್ದ ಹಾಗೇ ತೆಗೆದ, ಅವನು ತೋರಿಸದಿದ್ರೆ ನಾನು ಏನು ಮಾಡಿದೆ ಅಂತ ನನಗೇ ಗೊತ್ತಾಗ್ತಿರಲಿಲ್ಲ ಅಂದ್ರು.”

ಅವಳು ಹೋದಮೇಲೆ ನಾನು ಒಳಗೆ ಹೋಗಿ ಅಣ್ಣನಿಗೆ ಆ ಮಾತನ್ನು ಹಾಗೆಯೇ ಹೇಳಿದೆ. ಹೇಳಬಾರದಿತ್ತು.